ಟೋಟಲ್ ಲಾಸ್ ಕಾರು ರಿಪೇರಿಯಾಗಿ ಮಾರಾಟಕ್ಕೆ ಬಂದರೆ: ಕೊಳ್ಳಬೇಕೋ ಬಿಡಬೇಕೋ ನೋಡುವ ಬಗೆ

"ಅಡ್ವಾನ್ಸ್ ಕೊಟ್ಟುಬಿಟ್ಟೆ. ಒಂದ್ಸಲ ಬಂದು ಕಾರು ನೋಡಿ ಹೇಳ್ತೀರಾ?"

ಇಂಥ ಫೋನು ನನಗೆ ವರ್ಷಕ್ಕೆ ಮೂರು ನಾಲ್ಕಾದರೂ ಬರುತ್ತದೆ. ಹೋಗಿ ನೋಡಿದರೆ ಕಾರು ಫಳಫಳ ಹೊಳೆಯುತ್ತಿರುತ್ತದೆ. ಬಾನೆಟ್ ಎತ್ತಿದರೆ ಎಂಜಿನ್ನಿಗೆ ಎಣ್ಣೆಸ್ನಾನ ಮಾಡಿಸಿದ ಹಾಗಿರುತ್ತದೆ. ಕೊಳ್ಳುವವರು ಅಷ್ಟರಲ್ಲಿ ಮಾಡಿ ಮುಗಿಸಿದ ಪರೀಕ್ಷೆ ಏನಪ್ಪಾ ಅಂದರೆ, ಟೈರಿಗೆ ಒಂದು ಒದೆ, ಎಂಜಿನ್ ಶಬ್ದಕ್ಕೆ ಅರೆಗಳಿಗೆ ಕಿವಿ, ಮುಖ್ಯರಸ್ತೆಯಲ್ಲಿ ಒಂದು ಸುತ್ತು. ಮಾಮೂಲಿ ಹಳೆ ಕಾರಿಗೇ ಇದು ಸಾಲದು. ವಿಮಾ ಕಂಪನಿ 'ಟೋಟಲ್ ಲಾಸ್' ಎಂದು ಬರೆದು ಕೈತೊಳೆದುಕೊಂಡ ಮೇಲೆ ಯಾರೋ ಕೊಂಡು ರಿಪೇರಿ ಮಾಡಿಸಿದ ಕಾರಿಗಂತೂ ಇದು ಪರೀಕ್ಷೆಯೇ ಅಲ್ಲ.

ಹಾಗಂತ ಇಂಥ ಕಾರೆಲ್ಲ ಕೆಟ್ಟದ್ದು ಅಂತೇನೂ ಇಲ್ಲ. ಆಲಿಕಲ್ಲು ಬಿದ್ದು ಮೈತುಂಬ ಗುಳಿಯಾಗಿದ್ದ ಒಂದನ್ನು ನಾನೇ ಆರು ವರ್ಷ ಓಡಿಸಿದ್ದೇನೆ. ನೋಡುವ ಕ್ರಮ ಗೊತ್ತಿರಬೇಕು, ಅಷ್ಟೇ.

ಹಂತ 1: ಏಕೆ ಬರೆದುಹಾಕಿದರು ಎಂದು ಕೇಳಿ

ಟೋಟಲ್ ಲಾಸ್ ಅನ್ನುವುದು ಕಾರಿನ ಆರೋಗ್ಯದ ಬಗ್ಗೆ ಕೊಟ್ಟ ತೀರ್ಪಲ್ಲ, ವಿಮಾ ಕಂಪನಿ ಹಾಕಿದ ಲೆಕ್ಕ. ರಿಪೇರಿ ಖರ್ಚು ಕಾರಿನ ಬೆಲೆಯ ಇಂತಿಷ್ಟು ಪಾಲನ್ನು ದಾಟಿದರೆ, ರಿಪೇರಿ ಮಾಡಿಸುವುದಕ್ಕಿಂತ ದುಡ್ಡು ಕೊಟ್ಟು ಕಳಿಸುವುದೇ ಅವರಿಗೆ ಲಾಭ. ಭಾರತದಲ್ಲಿ ಈ ಗೆರೆ ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಬೆಲೆಯ, 75%. ಆ ಐಡಿವಿಯೋ ವರ್ಷ ಕಳೆದಂತೆ ಕರಗುತ್ತದೆ: ಆರು ತಿಂಗಳೊಳಗಿನ ಕಾರಿಗೆ 5% ಕಡಿತವಾದರೆ, ನಾಲ್ಕು ತುಂಬಿ ಐದರೊಳಗಿನದಕ್ಕೆ 50%.

ಇದರಿಂದ ಹೊರಡುವ ಒಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಹಳೆಯ ಕಾರೊಂದರಲ್ಲಿ ಎರಡು ಏರ್‌ಬ್ಯಾಗ್ ಬಿಚ್ಚಿಕೊಂಡು, ಡ್ಯಾಶ್‌ಬೋರ್ಡ್ ಹರಿದು, ಗಾಜು ಮತ್ತು ಹೆಡ್‌ಲೈಟು ಒಡೆದರೆ ಸಾಕು, ಚಾಸಿಗೆ ಏನೂ ಆಗದಿದ್ದರೂ ಖರ್ಚು ಗೆರೆ ದಾಟಬಹುದು. ಒಂದು ವರ್ಷದ ಕಾರು ಅದೇ ಗೆರೆ ದಾಟಬೇಕಾದರೆ ಅದಕ್ಕೆ ಬಿದ್ದ ಏಟು ಭಾರಿಯೇ ಇರಬೇಕು. ಜನ ಮಾಡುವುದು ಉಲ್ಟಾ. "ಒಂದೇ ವರ್ಷದ್ದು ಸರ್, ಬರೀ ಹತ್ತು ಸಾವಿರ ಕಿಲೋಮೀಟರ್" ಎಂದು ಹಿಗ್ಗುತ್ತಾರೆ. ನನ್ನನ್ನು ಕೇಳಿದರೆ ಏಳು ವರ್ಷದ ಟೋಟಲ್ ಲಾಸ್ ಕಾರನ್ನು ನೋಡಲು ಬರುತ್ತೇನೆ, ಒಂದು ವರ್ಷದ್ದಕ್ಕೆ ಬರುವ ಮೊದಲು ಹತ್ತು ಪ್ರಶ್ನೆ ಕೇಳುತ್ತೇನೆ.

ಕಾಗದದಲ್ಲಿ ಎಷ್ಟು ಸಿಗುತ್ತದೆ ಅನ್ನುವುದು ದೇಶದ ಮೇಲೆ ಹೋಗುತ್ತದೆ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಎ, ಬಿ, ಎಸ್, ಎನ್ ಎಂಬ ನಾಲ್ಕು ವರ್ಗಗಳಿವೆ. ಎ ಮತ್ತು ಬಿ ಮತ್ತೆ ರಸ್ತೆಗೆ ಬರುವಂತಿಲ್ಲ. ಎಸ್ ಅಂದರೆ ಚೌಕಟ್ಟಿಗೇ ಪೆಟ್ಟು, ಎನ್ ಅಂದರೆ ಚೌಕಟ್ಟು ಬಿಟ್ಟು ಬೇರೆಡೆ. ಆದರೆ ಎನ್ ಅಂದಮಾತ್ರಕ್ಕೆ ಬರೀ ಗೀರು ಎಂದುಕೊಳ್ಳಬೇಡಿ, ಬ್ರೇಕು, ಸಸ್ಪೆನ್ಷನ್, ಸ್ಟೀರಿಂಗ್ ಕೆಟ್ಟಿದ್ದರೂ ಅದು ಎನ್ ಆಗಬಹುದು. ಅಮೆರಿಕದಲ್ಲಿ ಇಂಥ ಕಾರಿನ ದಾಖಲೆಗೆ 'ಸಾಲ್ವೇಜ್' ಎಂದು ಬೀಳುತ್ತದೆ, ರಿಪೇರಿಯಾಗಿ ತಪಾಸಣೆ ಮುಗಿದರೆ 'ರೀಬಿಲ್ಟ್' ಆಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ನೋಂದಣಿ ಬದಲಿಸಿ ಆ ಮುದ್ರೆಯನ್ನೇ ತೊಳೆದುಹಾಕುವ ಕಸುಬುದಾರರೂ ಅಲ್ಲಿದ್ದಾರೆ. ಭಾರತದ ಆರ್‌ಸಿಯಲ್ಲಿ ಹೀಗೆ ಎ, ಬಿ ಎಂದು ವರ್ಗ ಬರೆದಿರುವುದಿಲ್ಲ. ಇಲ್ಲಿ ಹಿಂದಿನ ಎರಡು ಮೂರು ವರ್ಷದ ಪಾಲಿಸಿ ಪ್ರತಿ ಕೇಳಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ, ನೋಡಬೇಕು. ಏರುತ್ತಾ ಬಂದದ್ದು ಒಮ್ಮೆಲೇ ಸೊನ್ನೆಗೆ ಇಳಿದಿದ್ದರೆ, ಆ ವರ್ಷ ಕ್ಲೇಮ್ ಯಾವುದಕ್ಕೆ ಎಂದು ಕೇಳಿ.

ಕಾರಣಗಳಲ್ಲಿ ನನ್ನ ಇಷ್ಟಾನಿಷ್ಟ ಹೇಳಿಬಿಡುತ್ತೇನೆ. ಆಲಿಕಲ್ಲು: ಧಾರಾಳವಾಗಿ ನೋಡಿ. ಕಳವಾಗಿ, ವಿಮೆ ಪಾವತಿಯಾದ ಮೇಲೆ ಸಿಕ್ಕಿದ್ದು: ಬಿಡಿಭಾಗ ಕಳಚಿಕೊಂಡು ಹೋಗಿರದಿದ್ದರೆ ಒಳ್ಳೆಯ ವ್ಯಾಪಾರ. ನೆರೆ ನೀರಿನಲ್ಲಿ ಮುಳುಗಿದ್ದು: ಬೇಡ. ಎಷ್ಟೇ ಅಗ್ಗವಾದರೂ ಬೇಡ. ವೈರಿಂಗ್ ಕನೆಕ್ಟರ್‌ಗಳೊಳಗೆ ಹಸಿರು ಕಿಲುಬು ಹಿಡಿಯಲು ತಿಂಗಳುಗಳೇ ಬೇಕು, ಹಿಡಿದ ಮೇಲೆ ಇವತ್ತು ಕಿಟಕಿ, ನಾಳೆ ಬ್ರೇಕಿನ ಎಬಿಎಸ್, ನಾಡಿದ್ದು ಸ್ಟಾರ್ಟೇ ಇಲ್ಲ. ಮುಳುಗಿದ್ದನ್ನು ಮುಚ್ಚಿಟ್ಟಿದ್ದಾರೆ ಎಂಬ ಗುಮಾನಿ ಬಂದರೆ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು, ಕಾರ್ಪೆಟ್ ಎಲ್ಲ ತೊಳೆಯುತ್ತಾರೆ, ಸುರುಳಿಯೊಳಗೆ ಸುತ್ತಿಕೊಂಡ ಬೆಲ್ಟಿನ ಕೊನೆಯ ಒಂದಡಿ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಕೆಸರಿನ ಗೆರೆ ಕೂತಿರುತ್ತದೆ. ಕಾರಿನೊಳಗೆ ಮೂರು ಮೂರು ಸುಗಂಧದ ಡಬ್ಬಿ ತೂಗಿದ್ದರೂ ನನಗೆ ಅನುಮಾನವೇ.

ಹಂತ 2: ರಿಪೇರಿಗೆ ಮುಂಚಿನ ಫೋಟೊ

ಕೇಳಿ. ಇಲ್ಲ ಅಂದರೆ ಎದ್ದು ಬನ್ನಿ. ವಿಮೆಯ ಸರ್ವೇಯರ್ ತೆಗೆದದ್ದು, ಹರಾಜಿನಲ್ಲಿ ಹಾಕಿದ್ದು, ಗ್ಯಾರೇಜಿನ ಹುಡುಗರ ಮೊಬೈಲಿನಲ್ಲಿ ಇರುವುದು, ಎಲ್ಲಿಂದಾದರೂ ಸರಿ. ಚೆನ್ನಾಗಿ ರಿಪೇರಿ ಮಾಡಿಸಿದವರು ಅದನ್ನು ಹೆಮ್ಮೆಯಿಂದ ಇಟ್ಟುಕೊಂಡಿರುತ್ತಾರೆ. ಜೊತೆಗೆ ಬಿಡಿಭಾಗಗಳ ಬಿಲ್ಲು.

ಹಂತ 3: ಒಳಮೈ ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಮೊದಲ ಮಾತು: ಜೊತೆಗೆ ಎಂಜಿನ್ ಮೆಕ್ಯಾನಿಕ್‌ನನ್ನು ಕರೆದೊಯ್ಯಬೇಡಿ, ಟಿಂಕರಿಂಗ್ ಕೆಲಸದವರನ್ನು ಕರೆದೊಯ್ಯಿರಿ. ಎಂಜಿನ್ ಕೆಟ್ಟರೆ ಸರಿ ಮಾಡಿಸಬಹುದು. ನೀವು ಈಗ ತಿಳಿಯಬೇಕಾದದ್ದು ತಗಡನ್ನು ಯಾರು, ಎಲ್ಲಿ ಕತ್ತರಿಸಿ ಜೋಡಿಸಿದ್ದಾರೆ ಎಂದು. ಅದು ತಗಡಿನವರ ಕಣ್ಣಿಗೆ ಬಿದ್ದಷ್ಟು ಬೇಗ ಇನ್ಯಾರಿಗೂ ಬೀಳುವುದಿಲ್ಲ.

ಚೌಕಟ್ಟಿನ ಮೇಲೆ ಇಷ್ಟು ಒತ್ತು ಏಕೆಂದರೆ, ಕಾರಿನ ಮುಂಭಾಗ ಗುದ್ದಿದಾಗ ಬೇಕೆಂದೇ ಮುದುಡುವಂತೆ ಮಾಡಿರುತ್ತಾರೆ. ಅದು ಯಾವ ವೇಗದಲ್ಲಿ, ಎಷ್ಟು ಮುದುಡುತ್ತದೆ ಅನ್ನುವುದಕ್ಕೆ ಹೊಂದಿಸಿಯೇ ಏರ್‌ಬ್ಯಾಗ್ ಬಿಚ್ಚುವ ಗಳಿಗೆ ನಿಗದಿಯಾಗಿರುತ್ತದೆ. ಏರ್‌ಬ್ಯಾಗ್ ತುಂಬಲು ತಗಲುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯ. ಒಮ್ಮೆ ಮುದುಡಿದ್ದನ್ನು ಬಡಿದು ನೇರ ಮಾಡಿಬಿಟ್ಟರೆ ನೋಡಲು ಮೊದಲಿನಂತೆಯೇ ಇರುತ್ತದೆ, ಮುಂದಿನ ಸಲ ಮುದುಡುವ ರೀತಿ ಮಾತ್ರ ಬೇರೆ. ಪಿಲ್ಲರುಗಳದ್ದು ಇನ್ನೂ ಸೂಕ್ಷ್ಮ. ಇತ್ತೀಚಿನ ಬಹಳಷ್ಟು ಕಾರುಗಳ ಬಿ ಪಿಲ್ಲರು, ಅಂದರೆ ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬ, ಬೋರಾನ್ ಉಕ್ಕಿನದು. ಕೆಂಪಗೆ ಕಾಯಿಸಿ, ಅಚ್ಚಿನಲ್ಲೇ ಒತ್ತಿ ಥಟ್ಟನೆ ತಣಿಸಿ ಅದಕ್ಕೆ ಬಲ ಬರಿಸಿರುತ್ತಾರೆ. ಅದನ್ನು ಗ್ಯಾಸ್ ಬೆಂಕಿಯಲ್ಲಿ ಮತ್ತೆ ಕಾಯಿಸಿ ಬಗ್ಗಿಸಿದರೆ ಆ ಬಲ ಹೋಯಿತು. ಬಗ್ಗಿದ ಬೋರಾನ್ ಪಿಲ್ಲರನ್ನು ಬದಲಿಸಬೇಕೇ ಹೊರತು ನೆಟ್ಟಗೆ ಮಾಡುವಂತಿಲ್ಲ.

ಈಗ ನೋಡುವ ಬಗೆ. ಹಗಲು ಹೊತ್ತು, ಒಣಗಿದ ಕಾರು. ಒದ್ದೆ ಮೈ ಎಲ್ಲ ಗುಳಿಯನ್ನೂ ಮುಚ್ಚುತ್ತದೆ. ಕೈಯಲ್ಲಿ ಟಾರ್ಚು, ಹಿಡಿಯಿರುವ ಸಣ್ಣ ಕನ್ನಡಿ, ನೆಲಕ್ಕೆ ಹಾಸಲು ಒಂದು ಗೋಣಿ.

ಬಾನೆಟ್ ಎತ್ತಿ, ಎಂಜಿನ್ನಿನ ಇಕ್ಕೆಲದ ಏಪ್ರನ್ ತಗಡುಗಳನ್ನು ಹೋಲಿಸಿ ನೋಡಿ. ಕಾರ್ಖಾನೆಯಲ್ಲಿ ಎರಡು ತಗಡು ಸೇರುವೆಡೆ ಹಾಕಿದ ಸೀಲರ್ ಒಂದೇ ಅಗಲಕ್ಕೆ ಹರಿದಿರುತ್ತದೆ. ಗ್ಯಾರೇಜಿನಲ್ಲಿ ಬೆರಳಿನಿಂದ ಸವರಿದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಉಗುರಿನಿಂದ ಒತ್ತಿದರೆ ಹೊಸದು ಮೆತ್ತಗೆ ತಗ್ಗುವುದೂ ಉಂಟು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ಅಲ್ಲಿ ಕೈ ಆಡಿದೆ ಎಂದೇ ಅರ್ಥ. ಬಾನೆಟ್ಟಿನ ಹಿಂಜಿನ ಬೋಲ್ಟುಗಳ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ಬಿದ್ದಿದೆ. ಅದೊಂದರಿಂದಲೇ ಗಾಬರಿ ಬೇಡ, ಬಾನೆಟ್ ಬದಲಿಸುವುದು ದೊಡ್ಡ ಪಾಪವಲ್ಲ.

ಆಮೇಲೆ ಬಾಗಿಲು ತೆರೆದು, ಚೌಕಟ್ಟಿನ ಅಂಚಿಗೆ ಕೂರಿಸಿದ ರಬ್ಬರ್ ಬೀಡಿಂಗನ್ನು ಒಂದು ಗೇಣಿನಷ್ಟು ಮೆಲ್ಲಗೆ ಎಳೆಯಿರಿ. ಅದು ಕೈಯಲ್ಲೇ ಬರುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಮಾರುವವರು ಬೇಡ ಅಂದರೆ ಯಾಕೆ ಅಂತ ಕೇಳಿ. ಬೀಡಿಂಗಿನ ಕೆಳಗೆ ಎರಡು ತಗಡಿನ ಅಂಚು ಸೇರಿರುವ ಕಡೆ, ಬಟನ್ ಗಾತ್ರದ ದುಂಡನೆಯ ಸಣ್ಣ ಕುಳಿಗಳು ಸಾಲಾಗಿ, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಇರಬೇಕು. ಅದು ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್. ಕುಳಿಯೇ ಇಲ್ಲದೆ ನುಣ್ಣಗಿದ್ದರೆ, ಉಬ್ಬಿದ್ದರೆ, ಉಜ್ಜಿದ ಗೀರು ಬಣ್ಣದಡಿಯಲ್ಲಿ ಕಂಡರೆ, ಆ ಭಾಗವನ್ನು ಕತ್ತರಿಸಿ ಬೆಸೆದಿದ್ದಾರೆ. ನಾಲ್ಕೂ ಬಾಗಿಲು, ಡಿಕ್ಕಿಯ ಬಾಯಿ, ಎಲ್ಲ ಕಡೆಯೂ ಹೀಗೆ ನೋಡಿ. ಡಿಕ್ಕಿಯಲ್ಲಿ ಸ್ಟೆಪ್ನಿ ಹೊರತೆಗೆದು ಅದರ ಗುಂಡಿಯ ತಳದಲ್ಲಿ ಸುಕ್ಕು, ನಿಂತ ನೀರಿನ ಕಲೆ, ಬ್ರಷ್ಷಿನಲ್ಲಿ ಬಳಿದ ಬಣ್ಣ ಇದೆಯೇ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರು ಬೇರೆಲ್ಲೂ ಬಾಯಿ ಬಿಡದಿದ್ದರೂ ಇಲ್ಲಿ ಬಿಡುತ್ತದೆ.

ಗೋಣಿ ಹಾಸಿ ಕೆಳಗೂ ಮಲಗಿ. ಹಳೆ ಕಾರಿನ ಅಡಿಭಾಗ ಕೊಳಕಾಗಿರುವುದೇ ಸಹಜ. ಅಲ್ಲಿ ಕರ್ರಗೆ ಹೊಸ ಅಂಡರ್‌ಕೋಟಿಂಗ್ ಮಿರುಗುತ್ತಿದ್ದರೆ "ತುಕ್ಕು ಹಿಡಿಯಬಾರದು ಅಂತ ಹೊಡೆಸಿದ್ದು ಸರ್" ಎನ್ನುತ್ತಾರೆ. ವೆಲ್ಡಿಂಗ್ ಗುರುತು ಮುಚ್ಚಲು ಇಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ.

ಪೇಂಟ್ ದಪ್ಪ ಅಳೆಯುವ ಮೀಟರು ಸಿಕ್ಕರೆ ಒಯ್ಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಅದರ ಎರಡು ಪಟ್ಟು ತೋರಿಸಿದರೆ ಮತ್ತೆ ಬಣ್ಣ ಬಿದ್ದಿದೆ. 500 ದಾಟಿ ಸಾವಿರದತ್ತ ಹೋದರೆ ಒಳಗೆ ಪುಟ್ಟಿ ಮೆತ್ತಿದ್ದಾರೆ. ಆಲಿಕಲ್ಲಿನ ಕಾರಿನ ಚಾವಣಿಯಲ್ಲಿ ಪುಟ್ಟಿ ಸಿಕ್ಕರೆ ಸರಿ, ಪಿಲ್ಲರಿನ ಮೇಲೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಪೆನ್ನಿನ ಆಕಾರದ, ಸ್ಪ್ರಿಂಗ್ ಎಳೆದು ಬಣ್ಣದ ಪಟ್ಟಿ ನೋಡುವ ಅಗ್ಗದ ಸಾಧನ ಬರುತ್ತದಲ್ಲ, ಅದಕ್ಕೆ ದುಡ್ಡು ದಂಡ. ಅದರ ಬದಲು ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒಯ್ದರೂ ಆದೀತು. ಪ್ಲಾಸ್ಟಿಕ್ ಬಂಪರಿಗೂ ಅಲ್ಯೂಮಿನಿಯಂ ಬಾನೆಟ್ಟಿಗೂ ಅದು ಅಂಟುವುದೇ ಇಲ್ಲ, ಹೌಹಾರಬೇಡಿ.

ಇನ್ನೊಂದು ಪುಕ್ಕಟೆ ಪರೀಕ್ಷೆ. ನೆಲದ ಮೇಲೆ ಒಂದು ಬಕೆಟ್ ನೀರು ಚೆಲ್ಲಿ, ಕಾರನ್ನು ನೇರಕ್ಕೆ ಅದರ ಮೇಲೆ ಹಾಯಿಸಿ ಒಣ ನೆಲಕ್ಕೆ ತನ್ನಿ. ಹಿಂದಿನ ಚಕ್ರದ ಜಾಡು ಮುಂದಿನದರ ಜಾಡಿಗೆ ಎರಡೂ ಕಡೆ ಒಂದೇ ಥರ ಕೂರಬೇಕು. ಒಂದು ಕಡೆ ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ ಸರಿದಿದ್ದರೆ ಕಾರು ಏಡಿಯ ಹಾಗೆ ಓರೆ ನಡೆಯುತ್ತಿದೆ. ಫೋನು ಮಾಡಿದ ಒಬ್ಬರ ಕಾರು ಹೀಗೇ ಸಿಕ್ಕಿಬಿದ್ದಿದ್ದು. ಹೊರಗೆ ಒಂದು ಗೀರಿರಲಿಲ್ಲ, ಜಾಡು ಮಾತ್ರ ಎರಡು ಬೆರಳು ಓರೆ. ಮೇಲೆ ಥಳುಕು, ಒಳಗೆ ಹುಳುಕು.

ಹಂತ 4: ಏರ್‌ಬ್ಯಾಗ್ ಇದೆಯೋ, ಮುಚ್ಚಳ ಮಾತ್ರ ಇದೆಯೋ

ಬಿಚ್ಚಿಕೊಂಡ ಏರ್‌ಬ್ಯಾಗ್ ಬದಲಿಸುವುದು ದುಬಾರಿ. ಹಾಗಾಗಿ ಸ್ಟೀರಿಂಗಿಗೆ ಹೊಸ ಮುಚ್ಚಳ ಹಾಕಿ, ಒಳಗೆ ಏರ್‌ಬ್ಯಾಗಿನ ಜಾಗದಲ್ಲಿ ಪುಟ್ಟದೊಂದು ರೆಸಿಸ್ಟರ್ ಸಿಕ್ಕಿಸಿ ಕಂಪ್ಯೂಟರಿಗೆ ಮಂಕುಬೂದಿ ಎರಚುವವರಿದ್ದಾರೆ. ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಏರ್‌ಬ್ಯಾಗ್ ದೀಪವೊಂದನ್ನೇ ನೋಡಿ. ಹತ್ತಿ, ಕೆಲವು ಸೆಕೆಂಡಿಗೆ ತಾನಾಗಿ ಆರಬೇಕು. ಹತ್ತಲೇ ಇಲ್ಲವೆಂದರೆ ಬಲ್ಬು ಕಿತ್ತಿರಬಹುದು. ಸ್ಟಾರ್ಟ್ ಮಾಡಿದಾಗ ಆಯಿಲ್ ದೀಪದ ಜೊತೆಜೊತೆಗೇ ಆರುವುದಾದರೆ ಅದರ ವೈರನ್ನೇ ಇದಕ್ಕೂ ಕೊಟ್ಟಿರುವ ಅನುಮಾನ. ದೀಪ ಸರಿಯಾಗಿ ಹತ್ತಿ ಆರಿದರೂ ಏರ್‌ಬ್ಯಾಗ್ ಇದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ, ರೆಸಿಸ್ಟರ್ ಇರುವುದೇ ಅದಕ್ಕೆ.

ಸೀಟ್‌ಬೆಲ್ಟಿನ ಬುಡದಲ್ಲಿ ತಯಾರಾದ ತಾರೀಖಿನ ಚೀಟಿ ಹೊಲಿದಿರುತ್ತದೆ. ಮುಂದಿನಿಂದ ಜೋರಾಗಿ ಗುದ್ದಿದಾಗ ಏರ್‌ಬ್ಯಾಗಿನ ಜೊತೆ ಬೆಲ್ಟನ್ನು ಬಿಗಿಯುವ ಪ್ರೀಟೆನ್ಷನರ್ ಸಾಮಾನ್ಯವಾಗಿ ಸಿಡಿಯುತ್ತದೆ, ಸಿಡಿದದ್ದು ಮತ್ತೆ ಕೆಲಸಕ್ಕೆ ಬಾರದು. ಏರ್‌ಬ್ಯಾಗ್ ಬಿಚ್ಚಿದ ಫೋಟೊ ಇದೆ, ಬೆಲ್ಟು ಮಾತ್ರ ಕಾರಿನಷ್ಟೇ ಹಳೆಯದು ಅಂದರೆ ಲೆಕ್ಕ ತಾಳೆಯಾಗುವುದಿಲ್ಲ. ಹೊಸ ಬೆಲ್ಟು ಇದ್ದರೆ ಅನುಮಾನ ಪಡಬೇಡಿ, ಸಂತೋಷ ಪಡಿ. ಕೊನೆಗೆ, ಏರ್‌ಬ್ಯಾಗ್ ಮಾಡ್ಯೂಲನ್ನೂ ಓದಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಓದಿಸಿ, ಮುಚ್ಚಳ ಬಿಚ್ಚಿಯೂ ತೋರಿಸಲಿ. ಮುಚ್ಚಳವನ್ನು ನೀವೇ ಬಿಚ್ಚಲು ಹೋಗಬೇಡಿ, ಒಳಗೆ ನಿಜವಾಗಿ ಏರ್‌ಬ್ಯಾಗ್ ಇದ್ದರೆ ಅದು ಮುಖಕ್ಕೆ ಸಿಡಿಯುವ ವಸ್ತು. ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಬಿಟ್ಟು ಬೇರೇನೂ ಓದುವುದಿಲ್ಲ.

ಹಂತ 5: ಅಲೈನ್‌ಮೆಂಟ್, ಓಡಾಟ

ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿ ಪ್ರಿಂಟ್ ತೆಗೆದುಕೊಳ್ಳಿ. ಎಡ ಬಲದ ಕ್ಯಾಸ್ಟರ್, ಕ್ಯಾಂಬರ್ (ಚಕ್ರ ಕೂತಿರುವ ಕೋನಗಳು) ಮಿತಿಯೊಳಗೆ ಬರಲೇ ಇಲ್ಲವೆಂದರೆ ಚೌಕಟ್ಟೋ ಸಸ್ಪೆನ್ಷನ್ನೋ ಬಾಗಿದೆ. ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರೇಡಾರ್ ಇರುವ ಕಾರಾದರೆ ಅವನ್ನು ಕ್ಯಾಲಿಬ್ರೇಟ್ ಮಾಡಿಸಿದ ರಸೀದಿಯೂ ಬೇಕು.

ಹಂತ 6: ವಿಮೆ, ಬೆಲೆ

ಕೊಳ್ಳುವ ಮೊದಲೇ ವಿಮಾ ಕಂಪನಿಗೆ ಫೋನು ಮಾಡಿ, ಟೋಟಲ್ ಲಾಸ್ ಆಗಿದ್ದ ಕಾರು ಎಂದು ಹೇಳಿಯೇ ಪೂರ್ಣ ವಿಮೆ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮುಚ್ಚಿಟ್ಟು ಮಾಡಿಸಿದ ಪಾಲಿಸಿ ಕ್ಲೇಮ್ ಹೊತ್ತಿಗೆ ಕೈಕೊಡುತ್ತದೆ.

ಬೆಲೆಗೆ ನನ್ನದೊಂದೇ ನಿಯಮ: ಅದೇ ವರ್ಷದ, ಅಪಘಾತ ಕಾಣದ ಕಾರಿನ ಬೆಲೆಯಲ್ಲಿ ಮೂರನೇ ಒಂದು ಭಾಗ ಇಳಿಯದಿದ್ದರೆ ಮಾತು ಮುಂದುವರಿಸುವುದಿಲ್ಲ. ನಾಳೆ ನೀವು ಮಾರುವಾಗ ಕೊಳ್ಳುವವರೂ ಅಷ್ಟೇ ಕೇಳುತ್ತಾರೆ. ಅಡ್ವಾನ್ಸ್ ಕೊಡಲೇಬೇಕಾದರೆ ಚೀಟಿಯಲ್ಲಿ 'ತಪಾಸಣೆಯಲ್ಲಿ ಚೌಕಟ್ಟು ಅಥವಾ ಏರ್‌ಬ್ಯಾಗ್ ದೋಷ ಕಂಡರೆ ಪೂರ್ತಿ ವಾಪಸ್' ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಜಾಡು ಎರಡು ಬೆರಳು ಓರೆ ಬಂದ ಕಾರಿನವರು ಆ ಸಾಲು ಬರೆಸಿರಲಿಲ್ಲ. ಅರ್ಧ ಅಡ್ವಾನ್ಸ್ ವಾಪಸ್ ಪಡೆಯಲು ಅವರಿಗೆ ಎರಡು ತಿಂಗಳು ಹಿಡಿಯಿತು.