ವಾಂತಿ ನಿಲ್ಲಿಸುವ ಸೂಜಿ ಕೊಟ್ಟ ಮೇಲೆ ಮತ್ತೆ ವಾಂತಿಯಾದಾಗ

ಕೊಡಗಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ಘಾಟಿ ಹತ್ತಿ ಬಂದ ಪ್ರವಾಸಿಗರಿಂದ ಹಿಡಿದು ತೋಟದ ಲೈನ್ ಮನೆಯವರ ತನಕ, ಎಷ್ಟು ಜನರಿಗೆ ವಾಂತಿ ನಿಲ್ಲಿಸುವ ಒಂಡನ್‌ಸೆಟ್ರಾನ್ ಸೂಜಿ ಕೊಟ್ಟಿದ್ದೇನೋ ಲೆಕ್ಕವಿಲ್ಲ. ತಲೆನೋವು, ಮಲಬದ್ಧತೆ ಅಂದವರಿದ್ದಾರೆ. ಜೀವಕ್ಕೇ ಕುತ್ತಾಗುವ ಅಲರ್ಜಿ ಕಂಡದ್ದು ಒಮ್ಮೆ ಮಾತ್ರ.

ಜನವರಿ, ಕಾಫಿ ಕೊಯ್ಲಿನ ಸಮಯ. ಬೆಳಗ್ಗೆಯಿಂದ ವಾಂತಿ ಎಂದು ಕೆಲಸದ ಹೆಂಗಸೊಬ್ಬರನ್ನು ತೋಟದ ಜೀಪಿನಲ್ಲಿ ಕರೆತಂದರು. ಡಾಕ್ಟರು ಬರೆದಂತೆ 4 ಮಿಲಿಗ್ರಾಂ ನರಕ್ಕೆ ನಿಧಾನವಾಗಿ ಕೊಟ್ಟೆ. ಐದು ನಿಮಿಷ ಆಗಿರಲಿಲ್ಲ, ಮತ್ತೆ ವಾಂತಿ. "ಔಷಧಿ ಇನ್ನೂ ಹಿಡಿದಿಲ್ಲ ಅಕ್ಕಾ, ಸ್ವಲ್ಪ ತಡೀರಿ" ಎಂದೆ. ಇನ್ನೊಂದು ಡೋಸ್ ಬೇಕಾದೀತೇನೋ ಎಂದೂ ಅನಿಸಿತ್ತು. ನಾನು ಎಡವಿದ್ದು ಅಲ್ಲೇ. ಅನಾಫಿಲಾಕ್ಸಿಸ್‌ನಲ್ಲಿ, ಅಂದರೆ ಜೀವಕ್ಕೇ ಕುತ್ತಾಗುವ ಆ ಅಲರ್ಜಿಯಲ್ಲಿ, ವಾಂತಿ, ಹೊಟ್ಟೆ ಹಿಂಡುವುದು ಕೂಡ ಲಕ್ಷಣಗಳೇ. ಯಾವ ತೊಂದರೆಗೆ ಔಷಧಿ ಕೊಟ್ಟಿದ್ದೆನೋ ಅದೇ ತೊಂದರೆಯ ಹಿಂದೆ ರಿಯಾಕ್ಷನ್ ಅಡಗಿತ್ತು.

ಅಷ್ಟರಲ್ಲಿ ಅವರು ಅಂಗೈ ಕೆರೆದುಕೊಳ್ಳತೊಡಗಿದರು. ಕಾಫಿ ಕೊಯ್ದು ಕರೆಗಟ್ಟಿದ ಕೈ, ಕೆಂಪಾಗಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ಸೆರಗು ಸರಿಸಿ ನೋಡಿದರೆ ಕುತ್ತಿಗೆ ತುಂಬ ದದ್ದು. "ಸಿಸ್ಟರ್, ಗಂಟಲು ಕಟ್ತಾ ಇದೆ" ಅಂದಾಗ ದನಿಯೇ ಬದಲಾಗಿತ್ತು. ಮೇಲಿನ ಬಿಪಿ 70.

ನನ್ನ ಕೈ ಅಭ್ಯಾಸದಂತೆ ಅಲರ್ಜಿಗೆ ಕೊಡುವ ಏವಿಲ್ ಸೂಜಿಯ ಕಡೆಗೆ ಹೋಯಿತು. "ಮೊದಲು ಅಡ್ರಿನಲಿನ್!" ಎಂದು ಡಾಕ್ಟರು ಕೂಗಿದರು. 1 ಮಿಲಿ ಆಂಪೂಲಿನಲ್ಲಿ (ಔಷಧಿಯ ಸಣ್ಣ ಗಾಜಿನ ಸೀಸೆ) ಅರ್ಧ, ಅಂದರೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಮಲಗಿಸಿ ಕಾಲು ಎತ್ತರಿಸಿದೆವು; ಆಕ್ಸಿಜನ್, ಸಲೈನ್ ಜೋರಾಗಿ. ಐದು ನಿಮಿಷ ಬಿಟ್ಟು ಎರಡನೇ ಡೋಸ್. ಆಮೇಲೆ ಉಸಿರು ಸಲೀಸಾಯಿತು. ಏವಿಲ್ ತುರಿಕೆಗೆ ಆದೀತು; ಬಿದ್ದ ಬಿಪಿಯನ್ನು, ಊದಿದ ಗಂಟಲನ್ನು ಅದು ಸರಿಮಾಡುವುದಿಲ್ಲ. ಬಾತ್‌ರೂಮಿಗೆ ಹೋಗ್ತೀನಿ ಎಂದು ಎದ್ದರೂ ಬಿಡಲಿಲ್ಲ. ಆ ಹೊತ್ತಿನಲ್ಲಿ ಥಟ್ಟನೆ ಎದ್ದು ನಿಂತರೆ ಹೃದಯ ನಿಲ್ಲುವುದುಂಟು. ಕೆಲವು ಗಂಟೆ ಬಿಟ್ಟು ರಿಯಾಕ್ಷನ್ ಮರುಕಳಿಸಬಹುದು, ಅದಕ್ಕೇ ರಾತ್ರಿಯ ನಿಗಾಕ್ಕೆ ಮಡಿಕೇರಿಗೆ ಕಳಿಸಿದೆವು.

(ವಾಂತಿಗೇ ಕೊಡುವ ಇನ್ನೊಂದು ಔಷಧಿ ಮೆಟೊಕ್ಲೋಪ್ರಮೈಡ್ ಕೊಟ್ಟಾಗ ಕತ್ತು ಸೊಟ್ಟಗಾಗಿ ಕಣ್ಣು ಮೇಲೆ ಹೋಗುವುದು ಬೇರೆ ಸಂಗತಿ, ಅದು ಅಲರ್ಜಿಯಲ್ಲ.)

ಸೂಜಿಗೆ ಮುಂಚೆ "ಅಲರ್ಜಿ ಇದೆಯಾ?" ಎಂದು ಕೇಳಿದ್ದೆ, ಇಲ್ಲ ಅಂದಿದ್ದರು. ಹಿಂದಿನ ವರ್ಷ ವಾಂತಿ ಮಾತ್ರೆ ನುಂಗಿದಾಗ ಮೈಯೆಲ್ಲ ತುರಿಸಿತ್ತಂತೆ. ಅದಕ್ಕೆ ಅಲರ್ಜಿ ಅನ್ನುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಈಗ ನಾನು ಕೇಳುವುದು ಹೀಗೆ: "ಯಾವುದಾದ್ರೂ ಮಾತ್ರೆ, ಸೂಜಿ ತಗೊಂಡಾಗ ಮೈ ತುರಿಸಿದ್ದು, ತುಟಿ ಊದಿದ್ದು, ತಲೆ ಸುತ್ತಿ ಬಿದ್ದದ್ದು ಉಂಟಾ?"

ಅವರಿಗೆ ಕನ್ನಡದಲ್ಲಿ ಕಾರ್ಡ್ ಬರೆದುಕೊಟ್ಟೆವು. ಒಂದೇ ಔಷಧಿಗೆ ಹತ್ತಾರು ಬ್ರ್ಯಾಂಡ್ ಇರುವುದರಿಂದ ಒಂಡನ್‌ಸೆಟ್ರಾನ್ ಎಂಬ ಮೂಲ ಹೆಸರನ್ನೇ ಬರೆದೆ. ಜೊತೆಗೆ ಗ್ರಾನಿಸೆಟ್ರಾನ್, ಪಾಲೊನೊಸೆಟ್ರಾನ್ ಕೂಡ. ಒಂದೇ ಗುಂಪಿನವು, ಒಂದಕ್ಕೆ ಆದದ್ದು ಇನ್ನೊಂದಕ್ಕೂ ಆಗಬಹುದು.

ಇಂಥದ್ದನ್ನು ಔಷಧಿಗಳ ಅಡ್ಡಪರಿಣಾಮಗಳ ಮೇಲೆ ನಿಗಾ ಇಡುವ ಭಾರತದ ಫಾರ್ಮಾಕೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ತಿಳಿಸಬೇಕು, 1800-180-3024 ಉಚಿತ ಸಂಖ್ಯೆ. ಫಾರ್ಮಿನಲ್ಲಿ ಬ್ಯಾಚ್ ನಂಬರ್ ಕೇಳುತ್ತಾರೆ. ಖಾಲಿ ಆಂಪೂಲನ್ನು ಎತ್ತಿಡಿ. ನಾವು ಆ ಸಂಜೆ ಗಾಜಿನ ಚೂರುಗಳ ಡಬ್ಬಿಯಲ್ಲಿ ಚಿಮಟ ಹಿಡಿದು ಹುಡುಕಬೇಕಾಯಿತು.