ಟ್ರ್ಯಾಕ್ಟರ್ ಇಳಿಯದ ದಿನಕ್ಕೊಂದು ಗಾಡಿ: ಎಟಿವಿ ತಂದ ನನ್ನ ಅನುಭವ

ಎಟಿವಿ, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿ, ತರುತ್ತೇನೆ ಅಂದಾಗ ನಮ್ಮಣ್ಣನಿಂದ ಹಿಡಿದು ಗೊಬ್ಬರದ ಅಂಗಡಿಯವರ ತನಕ ಎಲ್ಲರೂ ನಕ್ಕರು. "ಏನ್ರೀ ಗೌಡ್ರ, ಮಕ್ಕಳ ಆಟಿಗಿ ಸಾಮಾನು ತರಾಕತ್ತೀರಂತ?" ಅಂತ ಕೇಳಿದವರೇ ಈಗ ಮಳೆ ನಿಂತ ಮರುದಿನ ಫೋನ್ ಮಾಡುತ್ತಾರೆ. "ಗಾಡಿ ಖಾಲಿ ಐತೇನ್ರೀ?" ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ನನ್ನದು ಕುಷ್ಟಗಿ ಕಡೆ. ಐದಾರು ಎಕರೆ ಮಸಾರಿಯಲ್ಲಿ (ಕೆಂಪು ಮಣ್ಣು) ದಾಳಿಂಬೆ, ಉಳಿದ ಎರೆಯಲ್ಲಿ (ಕಪ್ಪು ಮಣ್ಣು) ಹತ್ತಿ, ತೊಗರಿ. ಟ್ರ್ಯಾಕ್ಟರ್ ಇದೆ. ಉಳುಮೆ, ರೂಟರ್ (ಮಣ್ಣು ಪುಡಿ ಮಾಡುವ ರೋಟವೇಟರ್) ಎಲ್ಲ ಅದೇ ಮಾಡಬೇಕು, ಎಟಿವಿಗೆ ಆ ಕೆಲಸ ಹಚ್ಚಬೇಡಿ. ನನ್ನ ತಾಪತ್ರಯ ಬೇರೆ. ದಾಳಿಂಬೆಗೆ ದುಂಡಾಣು ಅಂಗಮಾರಿ ರೋಗ ಬರುವುದೇ ಮಳೆಯ ಬೆನ್ನಿಗೆ. ಆಗ ಟ್ರ್ಯಾಕ್ಟರ್ ಒಳಗೆ ಹೋದರೆ ಸಾಲೆಲ್ಲ ಹೂತು ಗಟ್ಟಿಯಾಗುತ್ತದೆ. ಬೈಕ್ ಮೇಲೆ ಡ್ರಮ್ ಬರಲ್ಲ. ಬೆನ್ನಿಗೆ ಪಂಪ್ ಹೊತ್ತು ಹೊಡೆಯಲು ಆಳು ಸಿಗಲ್ಲ.

ಮೊದಲು ತಂದದ್ದು 125 ಸಿಸಿಯ ಸಣ್ಣ ಗಾಡಿ. ರೆಸಾರ್ಟ್‌ಗಳಲ್ಲಿ ಸುತ್ತು ಹೊಡೆಸುತ್ತಾರಲ್ಲ, ಅಂಥದ್ದು. ಸೆಕೆಂಡ್ ಹ್ಯಾಂಡ್, ಎಪ್ಪತ್ತು ಸಾವಿರದ ಆಸುಪಾಸು. ಚೈನ್ ಡ್ರೈವ್, ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿ, ಭಾರವನ್ನು ನಿಧಾನಕ್ಕೆ ಎಳೆಯುವ ಲೋ ಗೇರ್ ಇಲ್ಲ. ಒಂದು ಮಳೆಗಾಲದಲ್ಲಿ ಎರೆ ಮಣ್ಣು ಎರಡು ಚೈನ್ ತಿಂದಿತು. ತಿರುವಿನಲ್ಲಿ ಗಾಡಿ ತಿರುಗುವ ಬದಲು ನೇರ ಬದುವಿಗೆ ಹೋಗುತ್ತಿತ್ತು. ನಲವತ್ತಕ್ಕೆ ಮಾರಿ ಕೈ ತೊಳೆದುಕೊಂಡೆ. ಅಣ್ಣ ಇವತ್ತಿಗೂ ಆ ಮೂವತ್ತು ಸಾವಿರ ನೆನಪಿಸುತ್ತಾನೆ.

ಆಮೇಲೆ ಸಿಸಿ ಲೆಕ್ಕ ಬಿಟ್ಟೆ. ಹೊಲದಲ್ಲಿ ಅತಿ ಕೆಟ್ಟ ನೂರು ಮೀಟರ್ ಯಾವುದು, ಅಲ್ಲಿ ಭಾರ ಎಳೆದುಕೊಂಡು ನಿಧಾನಕ್ಕೆ ದಾಟುವ ಗಾಡಿ ಯಾವುದು, ಇಷ್ಟೇ ನೋಡಿದೆ. ಲೋ ಗೇರ್ ಬೇಕು, ಚೈನ್ ಬದಲು ಕಬ್ಬಿಣದ ದಂಡದಿಂದ ಚಕ್ರ ತಿರುಗಿಸುವ ಶಾಫ್ಟ್ ಡ್ರೈವ್ ಬೇಕು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ರೇಡಿಯೇಟರ್ ಇರಬೇಕು. ಸುಜುಕಿ ಓಝಾರ್ಕ್ 250 ನೋಡಿದೆ. ಗಟ್ಟಿ ಗಾಡಿ, ಶಾಫ್ಟ್ ಇದೆ, ಆದರೆ ಟೂ ವೀಲ್ ಡ್ರೈವ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಬರೀ ಮಸಾರಿ ಇದ್ದವರಿಗೆ ಅದೇ ಸಾಕು ಅನ್ನುತ್ತೇನೆ. ಹೋಂಡಾ ಎಟಿವಿಗಳಲ್ಲಿ ಇಂಜಿನ್ ಶಕ್ತಿ ಸಾಗಿಸಲು ರಬ್ಬರ್ ಬೆಲ್ಟ್ ಇಲ್ಲದ, ಬರೀ ಗೇರಿನವು ಇವೆ, ಆಸೆ ಬಹಳ ಇತ್ತು. ನಮ್ಮಲ್ಲಿ ಅವನ್ನು ಮಾರುವುದಿಲ್ಲ, ಹೊರಗಿನಿಂದ ತರಿಸಿದರೆ ಬಿಡಿಭಾಗಕ್ಕೆ ಪರದಾಟ. ಕೊನೆಗೆ ಸಿಕ್ಕಿದ್ದು ಪೋಲಾರಿಸ್ ಸ್ಪೋರ್ಟ್ಸ್‌ಮನ್ 570. ಗೋವಾ ಕಡೆ ಓಡಿದ್ದು, ಮೂರೂಕಾಲು ಲಕ್ಷಕ್ಕೆ ಇಳಿಸಿದೆ. ಸಾಗಣೆಗೆ ಹದಿನೈದು ಸಾವಿರ ಹೋಯಿತು.

ಇದೇ 570ಯನ್ನು ಟ್ರ್ಯಾಕ್ಟರ್ ಅಂತ ರಿಜಿಸ್ಟರ್ ಮಾಡುವಂಥ ಮಾದರಿಯಲ್ಲೂ ನಮ್ಮ ದೇಶದಲ್ಲಿ ಬಿಟ್ಟಿದ್ದರು. ಊರಿಂದ ಹೊಲಕ್ಕೆ ಡಾಂಬರು ರಸ್ತೆ ಇದ್ದವರು ಅದನ್ನೇ ಹುಡುಕಿ. ನನ್ನದಕ್ಕೆ ಆ ಕಾಗದ ಇಲ್ಲ. ಹೊಲದಲ್ಲೇ ಶೆಡ್, ಅಲ್ಲೇ ವಾಸ.

ಬಂದ ಹೊಸದರಲ್ಲಿ ಎಲ್ಲವನ್ನೂ ಗಾಡಿಯ ಮೇಲೇ ಹೇರಲು ನೋಡಿದೆ. ಹಿಂದಿನ ರ‍್ಯಾಕ್ ಎಂಬತ್ತು ಕೆಜಿ ಹೊರುತ್ತದೆ, ಮುಂದಿನದು ಅದರ ಅರ್ಧ. ಅರವತ್ತು ಲೀಟರ್ ಟ್ಯಾಂಕ್, 12 ವೋಲ್ಟ್ ಪಂಪ್ ಕೂರಿಸಿ ದಾಳಿಂಬೆಗೆ ಹೊಡೆದರೆ ಔಷಧಿ ಹೊರಗಿನ ಎಲೆಗಷ್ಟೇ ತಾಗುತ್ತಿತ್ತು, ಒಳಗೆ ಹೋಗುವ ಒತ್ತಡ ಇಲ್ಲ. ಜೊತೆಗೆ ನಿಧಾನ ಓಡಿಸುವಾಗ ರೇಡಿಯೇಟರ್ ಫ್ಯಾನ್, ಪಂಪ್ ಎರಡೂ ಎಳೆದು ಬ್ಯಾಟರಿ ಮಲಗಿತು. ಆ ಸೆಟ್ಟಿಗೆ ಒಂಬತ್ತು ಸಾವಿರ ಸುರಿದಿದ್ದೆ. ಈಗ ಅದನ್ನು ಬದುವಿನ ಕಳೆಗೆ ಮಾತ್ರ ಬಳಸುತ್ತೇನೆ.

ದಾರಿ ತೋರಿಸಿದ್ದು ಟ್ರೇಲರ್. 570 ಐನೂರು ಕೆಜಿಗೂ ಜಾಸ್ತಿ ಎಳೆಯುತ್ತದೆ. ಇನ್ನೂರು ಲೀಟರ್ ಡ್ರಮ್, ಅದರ ಮುಂದೆ ಪೆಟ್ರೋಲಿನಲ್ಲಿ ಓಡುವ ಎಚ್‌ಟಿಪಿ (ಹೆಚ್ಚು ಒತ್ತಡದ ಸಿಂಪಡಣೆ) ಪಂಪ್, ಪೈಪ್, ಗನ್ ಎಲ್ಲ ಸೇರಿ ಮುನ್ನೂರರ ಒಳಗೆ. ಒಬ್ಬ ಓಡಿಸಬೇಕು, ಒಬ್ಬ ಗನ್ ಹಿಡಿಯಬೇಕು. ಮೊದಲ ಟ್ರೇಲರ್‌ಗೆ ಬೈಕ್ ಚಕ್ರ ಹಾಕಿಸಿದೆ, ಕಡ್ಡಿ ಮುರಿದವು. ಆಟೋ ಚಕ್ರ ಹಾಕಿಸಿದೆ, ಎರೆಯಲ್ಲಿ ಚಾಕುವಿನ ಹಾಗೆ ಇಳಿದವು. ಮೂರನೇ ಸಲ ಗಂಗಾವತಿಯ ವೆಲ್ಡರ್ ಹತ್ತಿರ ಕೂತು ಹಳೇ ಎಟಿವಿ ಟೈರ್‌ಗೇ ಹಬ್ ಮಾಡಿಸಿದೆ. ಮೂರೂ ಸೇರಿ ಮೂವತ್ತೈದು ಸಾವಿರದ ಮೇಲಾಯಿತು, ಆದರೆ ಮೂರನೆಯದು ನಿಂತಿತು. ಆಕ್ಸಲ್ ಎಲ್ಲಿ ಕೂರಿಸಬೇಕು ಅನ್ನುವುದು ನನ್ನ ಗುಟ್ಟು, ಇಲ್ಲಿ ಹೇಳಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ತುಂಬಿದ ಡ್ರಮ್ಮಿಗಿಂತ ಅರ್ಧ ಖಾಲಿ ಡ್ರಮ್ ಅಪಾಯ. ಇಳಿಜಾರಿನಲ್ಲಿ ನೀರು ಒಂದು ಕಡೆ ಬಡಿದು ಗಾಡಿಯನ್ನೇ ತಳ್ಳುತ್ತದೆ. ಒಳಗೆ ತಡೆ ಇರಲಿ.

ಮಸಾರಿಯಲ್ಲಿ ಮಳೆ ನಿಂತು ಎರಡು ಮೂರು ತಾಸಿಗೆ ಒಳಗೆ ಹೋಗುತ್ತೇನೆ. ಎರೆ ಅಂಟಂಟಾಗಿದ್ದಾಗ ಯಾವ ಗಾಡಿಯೂ ಹೋಗಲ್ಲ, ಟೈರ್ ಸಂದು ತುಂಬಿ ನುಣ್ಣಗೆ ಉರುಳುತ್ತದೆ. ಮೇಲ್ಪದರ ಆರಿ ಒಳಗೆ ಹಸಿ ಇರುವ ಹೊತ್ತು ನೋಡಿ ಇಳಿಯಬೇಕು. ಟೈರಿಗೆ ಆರು ಪಿಎಸ್‌ಐ ಗಾಳಿ ಸಾಕು. ಟ್ರ್ಯಾಕ್ಟರ್ ಕಾಯುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ. ಮಡ್‌ಗಾರ್ಡ್ ಒಳಗೆ ಮಣ್ಣು ಕೂರದಂತೆ ಒಂದು ಲೇಪ ಹಚ್ಚುತ್ತೇನೆ. ಏನಂತ ಕೇಳಬೇಡಿ, ಅಡುಗೆ ಮನೆಯಲ್ಲಿ ಸಿಗುತ್ತದೆ.

ಖರ್ಚಿನಲ್ಲಿ ದೊಡ್ಡದು ಇಂಜಿನ್ ಶಕ್ತಿ ಸಾಗಿಸುವ ಬೆಲ್ಟ್. ನನ್ನ ತಮ್ಮ ಹೈ ಗೇರಿನಲ್ಲೇ ಟ್ರೇಲರ್ ಎಳೆದ, ರಬ್ಬರ್ ಸುಟ್ಟ ವಾಸನೆ ಬಂತು, ಹನ್ನೊಂದು ಸಾವಿರ ಹೋಯಿತು, ಪಾರ್ಸಲ್ ಬರುವವರೆಗೆ ಗಾಡಿ ನಿಂತಿತು. ಈಗ ಶೆಡ್ಡಿನಲ್ಲಿ ಸ್ಪೇರ್ ಬೆಲ್ಟ್ ಇದೆ, ಗೋಡೆ ಮೇಲೆ "ಭಾರ ಇದ್ದರೆ ಲೋ" ಅಂತ ಬರೆದಿದೆ. ಏಪ್ರಿಲ್ ಮೇನಲ್ಲಿ ನಲವತ್ತರ ಮೇಲಿನ ಬಿಸಿಲು, ರೇಡಿಯೇಟರ್‌ಗೆ ತೊಗರಿ ಹೊಟ್ಟು, ಹತ್ತಿ ನೂಲು ಅಂಟಿರುತ್ತದೆ. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಬಿಟ್ಟರೆ ಕಸ ಇನ್ನೂ ಒಳಗೆ ಸೇರುತ್ತದೆ. ವಾಷಿಂಗ್ ಸೆಂಟರ್ ಪ್ರೆಷರ್ ಬೇಡವೇ ಬೇಡ, ರೇಡಿಯೇಟರ್‌ನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಪೆಟ್ರೋಲ್ ತಾಸಿಗೆ ಎರಡು ಲೀಟರ್ ಅಂದುಕೊಳ್ಳಿ.

ಹತ್ತಿಯಲ್ಲೂ ಪ್ರಯೋಗ ಮಾಡಿದೆ. ಮೂರಡಿ ಸಾಲಿಗೆ ಚಕ್ರ ಎರಡು ಕಡೆ ಸರಿಯಾಗಿ ಬರುತ್ತದೆ, ಗಿಡ ನಡುವೆ. ಆದರೆ ಗಾಡಿ ಕೆಳಗೆ ಒಂದಡಿಗೂ ಕಡಿಮೆ ಜಾಗ. ಗಿಡ ಗೇಣಿನ ಮೇಲೆ ಬೆಳೆದರೆ ತಲೆ ಮುರಿಯುತ್ತದೆ. ಮೊದಲ ಔಷಧಿ ಅಷ್ಟೇ ಅದರದ್ದು. ಇನ್ನೊಂದು ಸಲ ಹತ್ತಿರದ ಬೋರ್‌ನಿಂದ ಎಚ್‌ಡಿಪಿಇ (ಪ್ಲಾಸ್ಟಿಕ್) ಪೈಪಿನ ಮೋಟಾರ್ ಎತ್ತಲು ನೋಡಿದೆ. ಗಾಡಿಯ ಮುಂದಿನ ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ಅದರ ಹಗ್ಗ ಐವತ್ತು ಅಡಿ, ಅದರಲ್ಲಿ ಏನಾಗುತ್ತೆ ಹೇಳಿ. ಗಡಗಡಿ ಕಟ್ಟಿ ಗಾಡಿಯನ್ನೇ ನೇರ ಓಡಿಸಿದೆ. ಇನ್ನೂರಡಿಯದು ಬಂತು! ನೋಡಲು ಅರ್ಧ ಊರೇ ಸೇರಿತ್ತು. ಕಬ್ಬಿಣದ ಪೈಪ್ ಇದ್ದರೆ ಈ ಸಾಹಸ ಬೇಡ.

ಭಾನುವಾರ ಟ್ರೇಲರ್ ಕಳಚಿದರೆ ಅದೇ ಗಾಡಿ ಬೇರೆಯೇ. ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಸರಿದ ಬಯಲಿಗೆ ಪಿಕಪ್‌ನಲ್ಲಿ ಹಾಕಿಕೊಂಡು ಒಯ್ಯುತ್ತೇವೆ. ಹಂಪಿ, ಆನೆಗೊಂದಿ ಬಂಡೆಗಳ ಕಡೆ, ದರೋಜಿ ಕರಡಿಧಾಮದ ಕಡೆ ಹೋಗುವುದಿಲ್ಲ, ಅಲ್ಲಿ ಹೋಗಲೂಬಾರದು. ಮಕ್ಕಳು ಹಿಂದೆ ಕೂರುತ್ತೇವೆ ಅಂತ ಹಠ ಹಿಡಿಯುತ್ತಾರೆ. ಇದು ಒಬ್ಬರ ಸೀಟಿನ ಗಾಡಿ, ಹಿಂದೆ ಭಾರ ಬಿದ್ದರೆ ಏರಿನಲ್ಲಿ ಮುಂದಿನ ಚಕ್ರ ಏಳುತ್ತದೆ. ಹದಿನಾರು ತುಂಬದವರ ಕೈಗೆ ಕೀ ಕೊಡುವುದಿಲ್ಲ. ಸೋದರಳಿಯ ಮುನಿಸಿಕೊಂಡಿದ್ದಾನೆ, ಇರಲಿ.

ಹಳೆಯದು ಕೊಳ್ಳುವವರು ಬೆಲ್ಟ್ ಕವರ್ ಬಿಚ್ಚಿಸಿ ನೋಡಿ, ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ ನೋಡಿ, ಲೋ ಗೇರಿನಲ್ಲಿ ಬದು ಹತ್ತಿಸಿ ನೋಡಿ. ಹತ್ತಿಸಲು ಬಿಡದ ಮಾಲೀಕನ ಹತ್ತಿರ ಚಹಾ ಕುಡಿದು ಎದ್ದು ಬನ್ನಿ. ನನ್ನ ಗಾಡಿಗೆ ಮೊನ್ನೆ ಸಿಂಧನೂರಿನವರೊಬ್ಬರು ಟ್ರೇಲರ್ ಸಮೇತ ನಾಲ್ಕು ಲಕ್ಷ ಅಂದರು. ಅಣ್ಣನೇ "ಕೊಡಬ್ಯಾಡೋ" ಅಂದ.