ಪರದೇಶದ ಸಾರ್ವಜನಿಕ ಗ್ರಂಥಾಲಯದಲ್ಲಿ ಮಾಹಿತಿ ಕೇಂದ್ರ ತೆರೆಯುವ ಬಗೆ

ಒಂದು ನಾಡನ್ನು ಪರನಾಡಿನ ಜನರಿಗೆ ಪರಿಚಯಿಸಲು ಅಲ್ಲಿ ಸ್ವಂತ ಕಟ್ಟಡವೇ ಇರಬೇಕೆಂದಿಲ್ಲ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಕೋಣೆಯನ್ನೋ ನಾಲ್ಕಾರು ಕಪಾಟುಗಳಷ್ಟು ಜಾಗವನ್ನೋ ಪಡೆದು, ಪುಸ್ತಕ, ಮಾಹಿತಿ ಮತ್ತು ಕಾರ್ಯಕ್ರಮಗಳ ಮೂಲಕ ಓದುಗರನ್ನು ತಲುಪುವ ಪದ್ಧತಿಯೊಂದಿದೆ. ಇದರಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕನ್ ಕಾರ್ನರ್. 1990ರ ದಶಕದಲ್ಲಿ ಅನುದಾನ ಕಡಿತವಾಗಿ ಅಮೆರಿಕವು ಹೊರದೇಶಗಳಲ್ಲಿದ್ದ ತನ್ನ ಅನೇಕ ಗ್ರಂಥಾಲಯಗಳನ್ನು ಮುಚ್ಚಿತು. 1998ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳ ರಾಯಭಾರ ಕಚೇರಿಗಳ ಮೇಲೆ ಬಾಂಬ್ ದಾಳಿ ನಡೆದ ಮೇಲೆ ಅದರ ಕಚೇರಿಗಳು ಎತ್ತರದ ಗೋಡೆಗಳ ಹಿಂದೆ ಸರಿದವು. ತಪಾಸಣೆಗೆ ಒಳಗಾಗಿ ಪುಸ್ತಕ ಓದಲು ಬರುವವರು ಎಷ್ಟು ಜನ? ಹಾಗಾಗಿ ಓದುಗರು ಈಗಾಗಲೇ ಬರುತ್ತಿದ್ದ ಸ್ಥಳೀಯ ಗ್ರಂಥಾಲಯಗಳಿಗೇ ಹೋಗುವ ದಾರಿ ಮುಖ್ಯವಾಯಿತು. ಆಸ್ಟ್ರಿಯಾದ ವಿದೇಶಾಂಗ ಇಲಾಖೆಯೂ ದಕ್ಷಿಣ ಕೊರಿಯಾದ ರಾಷ್ಟ್ರೀಯ ಗ್ರಂಥಾಲಯವೂ ಇದೇ ಮಾದರಿಯಲ್ಲಿ ಬೇರೆ ದೇಶಗಳ ಗ್ರಂಥಾಲಯಗಳೊಳಗೆ ತಮ್ಮ ಪುಸ್ತಕ ವಿಭಾಗಗಳನ್ನು ತೆರೆದಿವೆ. ಕೆಲಸಕ್ಕೆ ಇಳಿಯುವವರು ರಾಯಭಾರ ಕಚೇರಿಯವರಾಗಿರಲಿ, ಹೊರನಾಡಿನ ಕನ್ನಡ ಕೂಟದವರಾಗಿರಲಿ, ಅನುಸರಿಸಬೇಕಾದ ಕ್ರಮ ಹೆಚ್ಚುಕಡಿಮೆ ಒಂದೇ.

ಮೊದಲು ಗ್ರಂಥಾಲಯವನ್ನು ಆರಿಸಿಕೊಳ್ಳಬೇಕು. ರಾಜಧಾನಿಯ ದೊಡ್ಡ ಗ್ರಂಥಾಲಯವೇ ಆಗಬೇಕೆಂಬ ಹಟ ಬೇಡ. ಅಲ್ಲಿ ಹತ್ತು ದೇಶಗಳ ಕಪಾಟುಗಳ ನಡುವೆ ನಿಮ್ಮದು ಹನ್ನೊಂದನೆಯದಾಗಬಹುದು. ಎರಡನೆಯ ಹಂತದ ಊರಿನಲ್ಲಿ, ಬಸ್ ನಿಲ್ದಾಣಕ್ಕೆ ಹತ್ತಿರವಾಗಿದ್ದು ಶಾಲೆ ಬಿಟ್ಟ ಮಕ್ಕಳು ಬಂದು ಕೂರುವಂಥ ಗ್ರಂಥಾಲಯ ಸಿಕ್ಕರೆ ಅದೇ ಮೇಲು. ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ಗಮನಿಸಿರಿ. ಗ್ರಂಥಪಾಲಕರನ್ನು ಭೇಟಿಯಾದಾಗ ನೀವು ಕೊಡಬಯಸುವುದನ್ನು ಹೇಳುವ ಮುನ್ನ ಅವರಿಗೆ ಬೇಕಾಗಿರುವುದನ್ನು ಕೇಳಿರಿ.

ಒಪ್ಪಂದ ಲಿಖಿತವಾಗಿರಲೇಬೇಕು. ಅಮೆರಿಕನ್ ಕಾರ್ನರ್‌ನ ಏರ್ಪಾಡಿನಲ್ಲಿ ಜಾಗ, ವಿದ್ಯುತ್ತು ಮತ್ತು ಸಿಬ್ಬಂದಿ ಆತಿಥೇಯ ಗ್ರಂಥಾಲಯದ ಹೊಣೆ. ಪುಸ್ತಕ, ಕಂಪ್ಯೂಟರ್, ದತ್ತಸಂಚಯಗಳ (ಡೇಟಾಬೇಸ್) ಚಂದಾ ಮತ್ತು ತರಬೇತಿ ರಾಯಭಾರ ಕಚೇರಿಯ ಹೊಣೆ. ಪ್ರವೇಶ ಉಚಿತವಾಗಿರಬೇಕು, ಎಲ್ಲರಿಗೂ ತೆರೆದಿರಬೇಕು. ಈ ಹಂಚಿಕೆ ನ್ಯಾಯವಾದದ್ದೆಂದು ನನ್ನ ಅಭಿಪ್ರಾಯ, ಏಕೆಂದರೆ ಎರಡೂ ಕಡೆಯವರು ಏನಾದರೂ ಹಾಕಿದಾಗ ಮಾತ್ರ ಎರಡೂ ಕಡೆಯವರಿಗೆ ಅದರ ಕಾಳಜಿ ಇರುತ್ತದೆ.

ಪುಸ್ತಕಗಳ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು. ತನ್ನ ನಾಡನ್ನು ಹೊಗಳುವ ಪುಸ್ತಕಗಳನ್ನೇ ಜೋಡಿಸಿದ ಕಪಾಟನ್ನು ಓದುಗರು ಬಹುಬೇಗ ಗುರುತಿಸುತ್ತಾರೆ, ಮತ್ತೆ ಅದರತ್ತ ಸುಳಿಯುವುದಿಲ್ಲ. 1953ರಲ್ಲಿ, ಕಮ್ಯುನಿಸ್ಟರನ್ನು ಹುಡುಕಿ ತೆಗೆಯುವ ಅಭಿಯಾನಕ್ಕೆ ಹೆಸರಾಗಿದ್ದ ಅಮೆರಿಕದ ಸೆನೆಟರ್ ಮೆಕಾರ್ಥಿಯವರ ಸಹಾಯಕರಾದ ರಾಯ್ ಕೋನ್ ಮತ್ತು ಡೇವಿಡ್ ಶೈನ್ ಯುರೋಪಿನಲ್ಲಿದ್ದ ಅಮೆರಿಕದ ಮಾಹಿತಿ ಗ್ರಂಥಾಲಯಗಳನ್ನು ಸುತ್ತಿ ಕಮ್ಯುನಿಸ್ಟ್ ಒಲವಿನ ಲೇಖಕರನ್ನು ಹುಡುಕಿದರು. ಆ ವರ್ಷ ಅನೇಕ ಪುಸ್ತಕಗಳು ಕಪಾಟಿನಿಂದ ಇಳಿದವು. ಅಭಿಪ್ರಾಯ ಸ್ವಾತಂತ್ರ್ಯವನ್ನು ಸಾರಲೆಂದೇ ತೆರೆದಿದ್ದ ಗ್ರಂಥಾಲಯಗಳಿಗೆ ಇದರಿಂದ ಆದ ಹಾನಿ ಯಾವ ಟೀಕಾಕಾರನಿಂದಲೂ ಆಗುವಂಥದ್ದಾಗಿರಲಿಲ್ಲ. ಆದ್ದರಿಂದ ನಿಮ್ಮ ನಾಡಿನ ಜಾತಿ, ಬಡತನ, ಆಡಳಿತದ ಲೋಪಗಳನ್ನು ಕುರಿತು ನಿಮ್ಮವರೇ ಬರೆದ ಒಳ್ಳೆಯ ಕೃತಿಗಳೂ ಅಲ್ಲಿರಲಿ. ಅಡುಗೆ, ಮಕ್ಕಳ ಕಥೆ, ಪ್ರವಾಸ ಮತ್ತು ಭಾಷಾಕಲಿಕೆಯ ಪುಸ್ತಕಗಳಿಗೆ ಬೇಡಿಕೆ ಹೆಚ್ಚು. ಸರಕಾರಿ ಪ್ರಕಟಣೆಗಳನ್ನು ಆದಷ್ಟು ಕಡಿಮೆ ಮಾಡಿರಿ.

ಕನ್ನಡ ಪುಸ್ತಕಗಳನ್ನು ಕೊಡುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಅಮೆರಿಕದ ಸಂಶೋಧನಾ ಗ್ರಂಥಾಲಯಗಳಲ್ಲಿ ಕನ್ನಡ ಪುಸ್ತಕಗಳು 1960ರ ದಶಕದಿಂದಲೇ ಇವೆ. ಅಮೆರಿಕದ ಆಹಾರ ನೆರವಿನ ಪಿಎಲ್-480 ಯೋಜನೆಯಡಿ ಭಾರತಕ್ಕೆ ಬಂದ ಗೋಧಿಯ ಬೆಲೆಯಾಗಿ ಸಂದ ರೂಪಾಯಿಗಳಲ್ಲಿ ಒಂದು ಪಾಲಿನಿಂದ ಅವನ್ನು ಇಲ್ಲಿಯೇ ಕೊಂಡು ಕಳುಹಿಸಲಾಗುತ್ತಿತ್ತು. ಊರಿನ ಸಾರ್ವಜನಿಕ ಗ್ರಂಥಾಲಯದ ಸ್ಥಿತಿ ಬೇರೆ. ಪೆಟ್ಟಿಗೆಯಲ್ಲಿ ತುಂಬಿ ಸುಮ್ಮನೆ ಒಪ್ಪಿಸಿದ ಪುಸ್ತಕಗಳು ಅಲ್ಲಿನ ಕಪಾಟನ್ನು ಸೇರುವ ಬದಲು ಗ್ರಂಥಾಲಯದ ಬೆಂಬಲಿಗರು ನಡೆಸುವ ಅಗ್ಗದ ಮಾರಾಟದ ಮೇಜನ್ನು ಸೇರುವುದು ಸಾಮಾನ್ಯ. ಸಿಬ್ಬಂದಿಯಲ್ಲಿ ಕನ್ನಡ ಓದಬಲ್ಲವರು ಇಲ್ಲದಿದ್ದರೆ ಸೂಚಿಗೆ ಸೇರಿಸುವುದಾದರೂ ಹೇಗೆ? ಆದ್ದರಿಂದ ಪ್ರತಿ ಪುಸ್ತಕದೊಂದಿಗೆ ಒಂದು ಚೀಟಿ ಇಡಿರಿ: ಶೀರ್ಷಿಕೆ ರೋಮನ್ ಲಿಪಿಯಲ್ಲಿ, ಅದರ ಅರ್ಥ ಆ ದೇಶದ ಭಾಷೆಯಲ್ಲಿ, ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಐಎಸ್‌ಬಿಎನ್, ಎರಡು ಸಾಲಿನ ಪರಿಚಯ. ಹೆಸರಿನ ವಿಷಯದಲ್ಲಿ ಗೊಂದಲ ಖಚಿತ. ಕೆ. ಎಸ್. ನರಸಿಂಹಸ್ವಾಮಿ ಎಂಬಲ್ಲಿ ‘ಕೆ’ ಊರನ್ನೂ ‘ಎಸ್’ ತಂದೆಯನ್ನೂ ಸೂಚಿಸುತ್ತವೆ, ಕುಟುಂಬನಾಮವೇ ಇಲ್ಲ, ದ. ರಾ. ಬೇಂದ್ರೆ ಎಂಬಲ್ಲಿ ಬೇಂದ್ರೆ ಮನೆತನದ ಹೆಸರು. ಯಾವ ಪದದಡಿ ಸೂಚಿಯಲ್ಲಿ ಸೇರಿಸಬೇಕೆಂಬುದನ್ನು ಚೀಟಿಯಲ್ಲಿ ಗೆರೆ ಎಳೆದು ತೋರಿಸಿರಿ. ಕನ್ನಡ ಬಾರದ ಓದುಗರಿಗಾಗಿ ಅನುವಾದಗಳ ಸಾಲೊಂದು ಪಕ್ಕದಲ್ಲೇ ಇರಲಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದ ಹೆಸರು ಹೇಳಿ ಮಾತು ಆರಂಭಿಸುವುದು ಸುಲಭವಾಗಿದೆ.

ಕೇಂದ್ರವನ್ನು ನಡೆಸುವ ಸಂಯೋಜಕರು ಆತಿಥೇಯ ಗ್ರಂಥಾಲಯದ ನೌಕರರೇ ಆಗಿರುವುದು ಲೇಸು. ಊರಿನ ಜನರನ್ನು ಬಲ್ಲವರು ಅವರು. ಅವರ ಮಾತನ್ನು ಜನ ನಂಬುತ್ತಾರೆ. ಹೊಸ ಯಂತ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಅವರ ತರಬೇತಿಗೆ, ಸಾಧ್ಯವಾದರೆ ನಿಮ್ಮ ನಾಡಿನ ಒಂದು ಪ್ರವಾಸಕ್ಕೆ ಮೀಸಲಿಡಿರಿ. ಕಾರ್ಯಕ್ರಮಗಳು ವಿರಳವಾದರೂ ನಿಯತವಾಗಿರಲಿ. ಅಮೆರಿಕನ್ ಕಾರ್ನರ್‌ಗಳಿಗೆ ಜನರನ್ನು ಕರೆತಂದದ್ದು ಭಾಷಣಗಳಿಗಿಂತ ಹೆಚ್ಚಾಗಿ ಇಂಗ್ಲಿಷ್ ಸಂಭಾಷಣೆಯ ಕೂಟಗಳು ಮತ್ತು ಉನ್ನತ ಶಿಕ್ಷಣದ ಬಗ್ಗೆ ಸಿಗುವ ಉಚಿತ ಸಲಹೆ, ಅಂದರೆ ಬಂದವರ ಬದುಕಿಗೆ ನೇರವಾಗಿ ಒದಗುವ ಸಂಗತಿಗಳು.

ಕೊನೆಯದಾಗಿ, ಕೇಂದ್ರ ಮುಚ್ಚುವ ಸಂದರ್ಭ ಬಂದರೆ ಏನು ಮಾಡಬೇಕೆಂಬುದನ್ನು ಆರಂಭದಲ್ಲಿಯೇ ಬರೆದುಕೊಳ್ಳಿರಿ. ಮಾಸ್ಕೋದ ವಿದೇಶಿ ಸಾಹಿತ್ಯ ಗ್ರಂಥಾಲಯದಲ್ಲಿ 1993ರಿಂದ ನಡೆಯುತ್ತಿದ್ದ ಅಮೆರಿಕನ್ ಸೆಂಟರ್‌ಗೆ ಅಲ್ಲಿನ ನಿರ್ದೇಶಕಿ ಎಕಟೆರಿನಾ ಗೆನಿಯೆವಾ ಅವರ ಬೆಂಬಲವಿತ್ತು. 2015ರ ಜುಲೈನಲ್ಲಿ ಅವರು ತೀರಿಕೊಂಡರು. ಎರಡೂ ದೇಶಗಳ ಸಂಬಂಧ ಅಷ್ಟರಲ್ಲಿ ಕೆಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಆ ಏರ್ಪಾಡು ಮುರಿದುಬಿತ್ತು. ಇಂಥ ಹೊತ್ತಿನಲ್ಲಿ ಪುಸ್ತಕಗಳು ಯಾರ ಸ್ವತ್ತು, ಎಷ್ಟು ತಿಂಗಳ ಮುನ್ಸೂಚನೆ ಕೊಡಬೇಕು, ಸಂಯೋಜಕರ ಕೆಲಸ ಉಳಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಒಪ್ಪಂದದಲ್ಲಿಯೇ ಉತ್ತರವಿರಬೇಕು. ಪುಸ್ತಕಗಳ ಒಡೆತನವನ್ನು ಮೊದಲ ದಿನವೇ ಗ್ರಂಥಾಲಯಕ್ಕೆ ಬಿಟ್ಟುಕೊಟ್ಟು, ಅವುಗಳನ್ನು ಅದರ ಸಾಮಾನ್ಯ ಸೂಚಿಯಲ್ಲಿ ಸೇರಿಸುವಂತೆ ಕೇಳಿಕೊಳ್ಳಿರಿ. ಆಗ ಕೇಂದ್ರದ ಫಲಕ ಇಳಿದರೂ ಅಲ್ಲಿನ ಓದುಗರಿಗೆ ಪುಸ್ತಕಗಳು ದೊರೆಯುತ್ತಲೇ ಇರುತ್ತವೆ.